ಮಿಲಿಟರಿ ಲಾರಿಯ ಎಡ ಮೂಲೆ

ಊರಿನ ಗಡಿಕಲ್ಲು ದಾಟಿದ್ದೇ ತಡ, ಲಾರಿ ಧಡಕ್ಕನೆ ಕುಸಿದು ಕೂತಿತು.

ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು. ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಕಟಕಟನೆ ಬಾಗಿ ಚಾಸಿಗೆ ಬಡಿದ ಹೊಡೆತಕ್ಕೆ ಪಕ್ಕದಲ್ಲಿದ್ದ ಸಾಂವಕ್ಕನ ಮಡಿಲಿನ ಪೊಟ್ಟಣ ಹಾರಿ ಕ್ಯಾಬಿನ್ ತುಂಬ ಚುರುಮುರಿ ಉದುರಿತು. ಲಾರಿಯ ಮೂತಿ ಮೇಲಕ್ಕೆದ್ದು, ಎದುರಿನ ಗಾಜಿನಲ್ಲಿ ರಸ್ತೆ ಮಾಯವಾಗಿ ಬರೀ ಆಕಾಶ ಕಾಣತೊಡಗಿತು.

“ಏನ ಹೊಡದಿ ಲಾಲಸಾಬಣ್ಣ? ಎಮ್ಮಿ ಏನ?” ಎಂದಳು ಸಾಂವಕ್ಕ, ಎರಡೂ ಕೈಯಿಂದ ಸೀಟು ಹಿಡಿದುಕೊಂಡು.

“ಏನೂ ಹೊಡದಿಲ್ಲವಾ. ಲೋಡ್ ಬಂದೈತಿ.”

ಇಳಿದು ಹಿಂದೆ ಹೋಗಿ ತಾಡಪತ್ರಿ ಸರಿಸಿ ನೋಡಿದೆವು. ಒಳಗೆ ಎರಡೂ ಕಡೆ ಉದ್ದಕ್ಕೆ ಹಲಗೆಯ ಬೆಂಚು, ಮೂಲೆಯಲ್ಲಿ ತುಕ್ಕು ಹಿಡಿದ ಒಂದು ಬಕೆಟ್ಟು. ಬೇರೆ ಏನೂ ಇರಲಿಲ್ಲ. ಹಿಂದಿನ ಟೈರುಗಳು ಮಾತ್ರ ಚಪಾತಿಯಂತೆ ಅಗಲವಾಗಿ ನೆಲಕ್ಕೆ ಅಂಟಿದ್ದವು. ಸಾಂವಕ್ಕ ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟಳು. ಇಷ್ಟು ಭಾರ ಹೊತ್ತ ಗಾಡಿಯನ್ನು ನನ್ನ ಜನ್ಮದಲ್ಲೇ ನಾನು ನೋಡಿರಲಿಲ್ಲ.

ನಮ್ಮೂರಿನಲ್ಲಿ ಒಮ್ಮೆ ಹೊತ್ತ ಭಾರ ತಾನಾಗಿ ಹೋಗುವುದಿಲ್ಲ. ಹೊತ್ತದ್ದು ಏನೆಂದು ಹೇಳಿ, ಕರೆದು ಇಳಿಸಬೇಕು. ಸಂತೆ ಮುಗಿಸಿ ಬಂದ ಹೆಂಗಸರು ಖಾಲಿ ಬುಟ್ಟಿಯನ್ನು ಬೋರಲು ಹಾಕಿ, “ಬದನೀಕಾಯಿ ಇಳಿ, ಮೆಣಸಿನಕಾಯಿ ಇಳಿ” ಎಂದು ತಟ್ಟುತ್ತಾರೆ. ಹೊರಗಿನಿಂದ ಬಂದ ಸೊಸೆಯಂದಿರು ಮೊದಮೊದಲು ಇದನ್ನು ಕಂಡು ನಗುತ್ತಾರೆ. ಆಮೇಲೆ ಖಾಲಿ ಬುಟ್ಟಿ ಎತ್ತಲಾರದೆ ತಾವೂ ತಟ್ಟುತ್ತಾರೆ. ಕೊನೆಯ ಟ್ರಿಪ್ಪು ಮುಗಿಸಿದ ಕಂಡಕ್ಟರು ಖಾಲಿ ಬಸ್ಸಿನ ಬಾಗಿಲಲ್ಲಿ ನಿಂತು ಒಂದೊಂದೇ ಸ್ಟಾಪಿನ ಹೆಸರು ಕೂಗಿ “ಇಳೀರಿ, ಇಳೀರಿ” ಎನ್ನುತ್ತಾನೆ; ಕೂಗಿದಂತೆಲ್ಲ ಬಸ್ಸು ಬೆರಳು ಬೆರಳು ಮೇಲೇಳುತ್ತದೆ. ಹಳೆಯ ತೊಟ್ಟಿಲು ಮಾರುವವಳು ಅದರಲ್ಲಿ ಯಾರ ಯಾರ ಕೂಸು ಮಲಗಿತ್ತೆಂದು ಒಂದೂ ಬಿಡದೆ ಹೇಳಬೇಕು. ಹೇಳಲು ಮರೆಯುವ ಡ್ರೈವರುಗಳ ದೆಸೆಯಿಂದಲೇ ನನ್ನ ಗ್ಯಾರೇಜು ನಡೆಯುತ್ತದೆ. ಬೇರೆ ಯಾವ ಊರಿನಲ್ಲೂ ಇಷ್ಟೊಂದು ಸ್ಪ್ರಿಂಗ್ ಪ್ಲೇಟು ಮುರಿಯಲಾರವು.

ಹೀಗಿರುವಾಗ ನಾನು ವಿಚಾರಿಸದೆ ಸಾಂವಕ್ಕನಿಗೆ ಲಾರಿ ಕೊಡಿಸಿದೆನೆಂದು ಯಾರೂ ತಿಳಿಯಬಾರದು. ಮಿಲಿಟರಿಯವರು ಹಳೆಯ ಗಾಡಿಗಳನ್ನು ಹರಾಜು ಹಾಕುವ ದೂರದ ಮೈದಾನದಲ್ಲಿ, ಬಿಸಿಲಿನಲ್ಲಿ ಸಾಲಾಗಿ ನಿಂತ ಲಾರಿಗಳ ಅಡಿಗೆ ಮಲಗಿ ಮಲಗಿ ನೋಡಿ ಆರಿಸಿದ್ದು ಇದನ್ನೇ. ಇಂಜಿನ್ನು ಒಂದೇ ಸಲಕ್ಕೆ ಚಾಲೂ ಆಯಿತು. ಗೇರುಗಳು ಬೆಣ್ಣೆಯಲ್ಲಿ ಬಿದ್ದಂತೆ ಬೀಳುತ್ತಿದ್ದವು. ಮುಂದಿನ ಗಾಲಿಗಳಿಗೂ ಎಳೆತ ಇತ್ತು. ನಮಗೆ ಬೇಕಾಗಿದ್ದೇ ಅದು. “ಇದು ಏನು ಹೊತ್ತಿತ್ತು ಸಾಹೇಬ್ರ?” ಎಂದು ಅಲ್ಲಿದ್ದ ಅಧಿಕಾರಿಯನ್ನು ಕೇಳಿದೆ. ಆತ ನನ್ನ ಮುಖ ನೋಡಿ, “ಸಾಮಾನು” ಎಂದು ಹೇಳಿ ಚಹಾ ಕುಡಿಯಲು ಹೋದ. ಸಾಮಾನು ತಾನೆ, ಅಕ್ಕಿ ಬೇಳೆ ಇದ್ದೀತು ಎಂದುಕೊಂಡೆ. ದಾರಿಯುದ್ದಕ್ಕೂ ಲಾರಿ ಎಳೆಗರುವಿನಂತೆ ಜಿಗಿಯುತ್ತ ಬಂತು, ಗಡಿಕಲ್ಲಿನ ತನಕ.

ಸಾಂವಕ್ಕ ನಮ್ಮೂರಿನ ಹಿಟ್ಟಿನ ಗಿರಣಿಯವಳು. ರಸ್ತೆ ಅಗಲ ಮಾಡುವಾಗ ಅವಳ ಗಿರಣಿಯ ಗೋಡೆ ಹೋಯಿತು, ಜಾಗವೂ ಹೋಯಿತು. ಗಿರಣಿ ಮತ್ತು ಇಂಜಿನ್ನು ಮಾತ್ರ ಅವಳ ಮನೆಯ ಅಂಗಳದಲ್ಲಿ ತಾಡಪತ್ರಿ ಹೊದ್ದು ಕೂತವು. ಮೇಲಿನ ಹಟ್ಟಿಗಳ ಹೆಂಗಸರು ಜೋಳ ಹೊತ್ತು ಗುಡ್ಡ ಇಳಿದು ಬಂದು, ಗಿರಣಿ ಇಲ್ಲವೆಂದು ಹಾಗೆಯೇ ಹೊತ್ತು ಹತ್ತುತ್ತಿದ್ದರು. ಅದನ್ನು ನೋಡಿದ ಮೇಲೆ ಅವಳಿಗೆ ಹೊಳೆದದ್ದು, ಗಿರಣಿಯನ್ನೇ ಲಾರಿಯ ಮೇಲೆ ಕೂರಿಸಿ ಹಟ್ಟಿಗೆ ಒಯ್ದರೆ ಹೇಗೆ ಎಂದು. ಆ ಕಲ್ಲುದಾರಿಯನ್ನು ಟೆಂಪೋ ಹತ್ತುವುದಿಲ್ಲ. ಹತ್ತಿದರೆ ಇಂಥ ಮಿಲಿಟರಿ ಲಾರಿಯೇ ಹತ್ತಬೇಕು. ತನ್ನಲ್ಲಿ ಇದ್ದಬದ್ದದ್ದನ್ನೆಲ್ಲ ಆಕೆ ಇದಕ್ಕೇ ಸುರಿದಿದ್ದಳು. ಲಾರಿ ಏಳದಿದ್ದರೆ ಅವಳೂ ಏಳುವಂತಿರಲಿಲ್ಲ.

ಲಾರಿಯನ್ನು ತೆವಳಿಸಿಕೊಂಡು ಎಣ್ಣೆ ಮಿಲ್ಲಿನ ವೇಬ್ರಿಜ್ಜಿನ ತನಕ ತಂದೆವು. ತೂಕ ನೋಡುವ ಪರಪ್ಪ ಕಿಟಕಿಯಿಂದ ತಲೆ ಹೊರಹಾಕಿ, “ಏನ್ ಮಿಸ್ತ್ರಿ, ಗುಡ್ಡಾನ ಹೇರಿಕೊಂಡ ಬಂದೀ ಏನ?” ಎಂದ. ಆಮೇಲೆ ತೂಕದ ಕಡೆ ನೋಡಿ ನಗು ನಿಲ್ಲಿಸಿದ. ಎರಡು ಸಲ ಕಣ್ಣೊರೆಸಿಕೊಂಡು ನೋಡಿದ. ಎಷ್ಟೆಂದು ಕೇಳಿದರೆ ಬಾಯಿ ಬಿಡದೆ ನನ್ನನ್ನು ಒಳಗೆ ಕರೆದು ತೋರಿಸಿದ. ನಾನೂ ಕಣ್ಣೊರೆಸಿಕೊಂಡೆ.

ಅಲ್ಲೇ ಇಳಿಸಲು ಶುರು ಮಾಡಿದೆವು. ಸಾಂವಕ್ಕ ಸೆರಗು ಸಿಕ್ಕಿಸಿ, ಹಿಂದಿನ ಹಲಗೆ ಕೆಳಗೆ ಬಿಟ್ಟು, “ಅಕ್ಕಿ ಚೀಲ, ಇಳಿ” ಎಂದಳು. ಲಾರಿ ಕಿರ್ ಎಂದು ತುಸು ಎದ್ದಿತು. ಬೇಳೆ, ಆಲೂಗಡ್ಡೆ, ಡೇರೆ, ಕಂಬಳಿ, ಸೀಮೆಎಣ್ಣೆ ಡಬ್ಬಿ. ನಿಂತವರೆಲ್ಲ ನೆನಪಿಗೆ ಬಂದದ್ದನ್ನು ಹೇಳತೊಡಗಿದರು. ಅಷ್ಟರಲ್ಲಿ ಸುತ್ತ ಜನ ಸೇರಿದ್ದರು. “ಗುಂಡಿನ ಪೆಟ್ಟಿಗಿ” ಎಂದು ಯಾರೋ ಅಂದದ್ದೇ ತಡ, ಪರಪ್ಪ ಮೇಜಿನ ಕೆಳಗೆ ಹೋದ. ಲಾರಿ ಒಂದು ಗೇಣು ಎದ್ದಿತು. ಹೊರಗೆ ಬಂದ ಪರಪ್ಪ ಮಾನ ಉಳಿಸಿಕೊಳ್ಳಲು, “ಇನ್ನೇನ ಉಳದೈತಿ? ಹೇಸರಗತ್ತಿ ಇಳಿ ಅನ್ರಿ” ಎಂದು ನಗಾಡಿದ. ಲಾರಿಯ ಒಳಗಿನಿಂದ ಬೆಂಚಿಗೆ ಒದ್ದ ಸದ್ದಾಗಿ, ಹಲಗೆಯ ಸರಪಳಿ ಗಲಗಲ ಎಂದು, ಮುಂದೆ ನಿಂತವರೆಲ್ಲ ದಿಕ್ಕಾಪಾಲಾಗಿ ಓಡಿದರು.

ಜವಾನರನ್ನು ಕೊನೆಗೆ ಕರೆದೆವು. “ಇಳೀರೆಪ್ಪಾ, ಊರು ಬಂತು” ಎಂದಳು ಸಾಂವಕ್ಕ. ಲಾರಿ ಒಂದು ಸಲ ತಗ್ಗಿ ಒಂದು ಸಲ ಏಳುತ್ತಿತ್ತು, ಒಬ್ಬೊಬ್ಬರೇ ಹಲಗೆಯ ತುದಿಗೆ ಬಂದು ಜಿಗಿದಂತೆ. ತಗ್ಗುವುದು, ಏಳುವುದು, ತಗ್ಗುವುದು, ಏಳುವುದು. ನಿಲ್ಲಲೇ ಇಲ್ಲ. ಅಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ಮನೆಗೆ ಹೋಗಿ ಮಜ್ಜಿಗೆಯ ಕೊಡ ತಂದು ಲಾರಿಯ ಹಿಂದೆ ಇಟ್ಟರು. ಬಂದವರಿಗೆ ಏನನ್ನಾದರೂ ಕೊಡಬೇಕಲ್ಲ.

ಎಲ್ಲ ಇಳಿದ ಮೇಲೂ ಲಾರಿ ಮಟ್ಟವಾಗಲಿಲ್ಲ. ಎಡಗಡೆಯ ಬೆಂಚಿನ ಕೊನೆ, ಕ್ಯಾಬಿನ್ನಿಗೆ ಹತ್ತಿಕೊಂಡ ಮೂಲೆ, ತಗ್ಗಿಯೇ ಇತ್ತು. ಒಂದಿಷ್ಟಲ್ಲ. ಬೆಂಚಿನ ಆ ತುದಿಯಲ್ಲಿ ಐದಾರು ಗಟ್ಟಿಮುಟ್ಟು ಆಳು ಒಬ್ಬರ ಮೇಲೊಬ್ಬರು ಕೂತಷ್ಟು.

ಗ್ಯಾರೇಜಿಗೆ ತಂದು ಕೆಲಸ ಶುರು ಮಾಡಿದೆ. ಬ್ರೇಕಿನ ರಬ್ಬರೆಲ್ಲ ಬಿಸಿಲಿಗೆ ಸೀಳಿದ್ದವು, ಬದಲಿಸಿದೆ. ಬ್ಯಾಟರಿ ಹೊಸದು ಹಾಕಿದೆ. ತುಕ್ಕು ಹಿಡಿದ ತಳವನ್ನು ಕತ್ತರಿಸಿ ದಪ್ಪ ತಗಡು ಬೆಸೆದೆ. ಮಿಲಿಟರಿ ಹಸಿರು ಕೆರೆದು ಹಳದಿ ಬಳಿಸಿದೆ. ಬಲಗಡೆಯ ಬೆಂಚು ಬಿಚ್ಚಿದೆ, ಎಡಗಡೆಯದನ್ನೂ ಬಿಚ್ಚುತ್ತ ಹೋದೆ. ಮೂಲೆಯ ತುದಿಗೆ ಬಂದಾಗ ಬೋಲ್ಟು ಅಲ್ಲಾಡಲಿಲ್ಲ. ಪಾನಾಕ್ಕೆ ಪೈಪು ಸಿಕ್ಕಿಸಿ ಎಳೆದೆ, ಪಾನಾ ಮುರಿಯಿತು. ಗ್ಯಾಸ್ ಕಟರ್ ಹಿಡಿದೆ; ಬೆಂಕಿ ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಮೂರನೆಯ ಸಲ ಹಚ್ಚಲು ಕೈ ಬರಲಿಲ್ಲ. ಆ ಗಿಡ್ಡ ತುಂಡನ್ನು ಹಾಗೇ ಬಿಟ್ಟೆ.

ಗಿರಣಿಯನ್ನು ಕೂರಿಸಿ ರಸಮಟ್ಟ ಇಟ್ಟರೆ ಅದರೊಳಗಿನ ಗುಳ್ಳೆ ಒಂದು ಕೊನೆಗೆ ಹೋಗಿ ಅಂಟಿಕೊಳ್ಳುತ್ತಿತ್ತು. ಎಡಗಡೆಗೆ ಹೊಸ ಸ್ಪ್ರಿಂಗ್ ಪ್ಲೇಟು ಸೇರಿಸಿದೆ. ಮರುದಿನ ಮುರಿದು ಬಿದ್ದಿತ್ತು. ಮಟ್ಟವಿಲ್ಲದ ಗಿರಣಿ ಚಾಲೂ ಮಾಡಿದರೆ ಬೆಲ್ಟು ಹಾರುತ್ತದೆ, ಕಲ್ಲು ಒಂದೇ ಕಡೆ ಸವೆದು ಹಿಟ್ಟು ಸುಟ್ಟ ವಾಸನೆ ಹೊಡೆಯುತ್ತದೆ. ಸಾಂವಕ್ಕ ದಿನಾ ಬಂದು ಆ ಮೂಲೆಯ ಮುಂದೆ ನಿಂತು ಕರೆಯುತ್ತಿದ್ದಳು. ಒಲೆ, ಕಬ್ಬಿಣದ ಪೆಟ್ಟಿಗೆ, ರೇಡಿಯೋ, ಸಾಹೇಬರು, ಸಾಹೇಬರ ನಾಯಿ. ಏನೂ ಇಳಿಯಲಿಲ್ಲ. ಒಂದು ದಿನ ಆಕೆ ಸಿಟ್ಟು ತಡೆಯಲಾರದೆ, “ಯಾಂವರ ಇರು, ಇಳೀತೀಯೋ ಇಲ್ಲೋ? ನನ್ನ ಹೊಟ್ಟಿ ಮ್ಯಾಲ ಯಾಕ ಕುಂತಿ?” ಎಂದು ಒದರಿ, ಅಲ್ಲೇ ಟೈರಿಗೆ ಒರಗಿ ಅತ್ತುಬಿಟ್ಟಳು.

ಆ ಹೊತ್ತಿಗೆ ಬಂದವನು ದುರಗಪ್ಪ. ಮಿಲಿಟರಿಯಲ್ಲಿದ್ದು ಬಂದವನು ನಮ್ಮೂರಿಗೆಲ್ಲ ಅವನೊಬ್ಬನೇ. ಈಗ ಎಣ್ಣೆ ಮಿಲ್ಲಿನ ಗೇಟು ಕಾಯುತ್ತಾನೆ. ಫೌಜಿ ಎಂದೇ ಕರೆಯುತ್ತೇವೆ. ಮಿಲಿಟರಿ ಬಿಟ್ಟು ಬಂದಾಗಿನಿಂದ ಯಾವ ಗಾಡಿಯನ್ನೂ ಹತ್ತದೆ, ಎಲ್ಲಿಗೆ ಹೋಗುವುದಾದರೂ ನಡೆದೇ ಹೋಗುವ ಮನುಷ್ಯ. ಮಗಳ ಮದುವೆಗೂ ದಿಬ್ಬಣದ ಬಸ್ಸಿನ ಹಿಂದೆ ನಡೆದು ಬಂದು, ಅಕ್ಕಿಕಾಳಿಗೆ ಸರಿಯಾಗಿ ಮುಟ್ಟಿದವನು. ಜವಾನರು ಇಳಿದ ದಿನ ಅವನು ಗೇಟು ಬಿಟ್ಟು ಹತ್ತಿರ ಬಂದಿರಲಿಲ್ಲ.

“ಇದರಾಗ ಏನ ಹೊತ್ತಿರತಾರ ಅಂತ ನಿನಗರ ಗೊತ್ತೈತೇನ ಫೌಜಿ?” ಎಂದೆ.

ಅವನು ಹಿಂದಿನ ಹಲಗೆಯ ಮೇಲೆ ಕೈಯಿಟ್ಟು ಒಳಗೆ ನೋಡಿದ. ಅಳಿದುಳಿದ ಆ ಬೆಂಚಿನ ತುಂಡಿನ ಮೇಲೆ ಅವನ ಕಣ್ಣು ನಿಂತಿತು.

“ಹೊತ್ತದ್ದನ್ನ ಅಷ್ಟ ಕೇಳಾಕತ್ತೀರಿ ಮಿಸ್ತ್ರಿ. ಹೊರದ ಬಿಟ್ಟ ಬಂದದ್ದನ್ನ ಯಾರೂ ಕೇಳವಲ್ರಿ.”

“ಹಂಗಂದ್ರ?”

“ನಮ್ಮ ತುಕಡ್ಯಾಗ ಒಂದ ಪದ್ಧತಿ ಇತ್ತು. ಹೋದಾಗ ಇದ್ದವ ಬರೂಮುಂದ ಇರಲಿಲ್ಲ ಅಂದರ, ಅವನ ಜಾಗಾ ಬಿಡತಿದ್ವಿ. ಒಬ್ಬರ ತೊಡಿ ಮ್ಯಾಲ ಒಬ್ಬರು ಕುಂತ ಬರತಿದ್ವಿ, ಆದರ ಅಲ್ಲಿ ಯಾರೂ ಕುಂದರತಿರಲಿಲ್ಲ. ಹೆಣ ಸಿಕ್ಕರ ಆ ಮಾತು ಬ್ಯಾರೆ. ಸಿಗದವರದು ಜಾಗಾ.”

“ಖಾಲಿ ಜಾಗಕ್ಕ ಎಂಥಾ ಭಾರ ಬರತೈತಿ?” ಎಂದಳು ಸಾಂವಕ್ಕ.

“ಖಾಲಿ ಎಲ್ಲೆವ್ವಾ? ಅಷ್ಟೂ ಮಂದಿ ದಾರಿ ತುಂಬ ಅದನ್ನ ನೋಡಕೋತ ಬಂದಿರತಾರ.”

ಈ ಊರಿನಲ್ಲಿ ಹುಟ್ಟಿ, ಗಾಡಿಗಳ ಭಾರ ನೋಡಿಯೇ ತಲೆ ನರೆತವನು ನಾನು. ಏನು ಹೊತ್ತೆ ಎಂದು ಬುಟ್ಟಿಗೆ ಕೇಳಿದ್ದೇವೆ, ಬಸ್ಸಿಗೆ ಕೇಳಿದ್ದೇವೆ, ತೊಟ್ಟಿಲಿಗೆ ಕೇಳಿದ್ದೇವೆ. ಇದನ್ನು ಯಾವತ್ತೂ ಯಾರೂ ಕೇಳಿರಲಿಲ್ಲ. ಬಂದೇ ಇಲ್ಲದವನಿಗೆ ಇಷ್ಟು ದಿನ ಇಳಿ, ಇಳಿ ಎಂದು ಒದರಿದ್ದೆವು.

“ಹಂಗಾದ್ರ ಇಳಿ ಅನ್ನೂದಲ್ಲ,” ಎಂದಳು ಸಾಂವಕ್ಕ ಮೆಲ್ಲಗೆ. “ಹತ್ತು ಅನಬೇಕು.”

ಅವಳೇ ಕರೆದಳು. ಏನೂ ಆಗಲಿಲ್ಲ. ನಾನು ಕರೆದೆ. ಇಬ್ಬರೂ ದುರಗಪ್ಪನ ಕಡೆ ನೋಡಿದೆವು. ಅವನು ಬೇಡ ಎಂಬಂತೆ ತಲೆಯಾಡಿಸಿ ಗ್ಯಾರೇಜಿನ ಗೇಟಿನ ತನಕ ಹೋದ. ಅಲ್ಲಿ ನಿಂತ. ವಾಪಸು ಬಂದು, ಎಷ್ಟೋ ವರ್ಷ ಗಾಡಿ ಮುಟ್ಟದ ಮನುಷ್ಯ, ಲಾರಿಯ ಒಳಗೆ ಹತ್ತಿ ಹಲಗೆಯ ತುದಿಯಲ್ಲಿ ಒಂದು ಮೊಣಕಾಲು ಊರಿದ. ಕೈ ಕೆಳಗೆ ಚಾಚಿ, ಪಲ್ಟನ್ನಿನ ಹಿಂದಿಯಲ್ಲಿ ಕರೆದ.

“ಆಜಾ ಭಾಯಿ. ಹಾಥ್ ದೇ.”

ಅವನ ತೋಳು ಭುಜ ಕಿತ್ತು ಬರುವಂತೆ ಜಗ್ಗಿತು. ಮುಗ್ಗರಿಸಿ ಬೀಳುವುದರೊಳಗೆ ನಾನು ಓಡಿಹೋಗಿ ಅವನ ಸೊಂಟ ಹಿಡಿದೆ. ಲಾರಿ ನೆಲ ಮುಟ್ಟುವಷ್ಟು ತಗ್ಗಿತು, ಗ್ಯಾರೇಜಿನ ತಗಡೆಲ್ಲ ನಡುಗಿದವು. ಮರುಕ್ಷಣ, ದೊಡ್ಡದೊಂದು ಉಸಿರು ಬಿಟ್ಟಂತೆ, ಸ್ಪ್ರಿಂಗುಗಳು ಸಡಿಲಾಗಿ ಲಾರಿ ಮೇಲೆದ್ದು ನಿಂತಿತು. ಎಡ ಮೂಲೆ ಇನ್ನೂ ತುಸು ತಗ್ಗಿತ್ತು, ಸರಿಯಾಗಿ ಒಬ್ಬ ಆಳು ಕೂತಷ್ಟು. ಕಾದವರ ಭಾರ ಹೋಗಿ ಬಂದವನ ಭಾರ ಉಳಿದಿತ್ತು.

ದುರಗಪ್ಪ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಬೆರಳುಗಳ ಗುರುತು ಕೆಂಪಗೆ ಮೂಡಿದ್ದವು. ಅದನ್ನು ನಾನೂ ನೋಡಿದೆ. ಇಲ್ಲ ಎನ್ನಲಾರೆ.

ತಡೆದು ತಡೆದು ನಾನೇ ಕೇಳಿದೆ. “ಇನ್ನ ಇಳಿ ಅನ್ನೋಣೇನ?”

“ಈಗರ ಹತ್ಯಾನ. ಹತ್ತಿದ ಕೂಡಲೆ ಇಳಿ ಅಂದರ ಚಂದ ಇರತೈತೇನ?” ಎಂದ ದುರಗಪ್ಪ.

“ಕುಂದರಲಿ ಬಿಡಣ್ಣ,” ಎಂದಳು ಸಾಂವಕ್ಕ, ಕಣ್ಣೊರೆಸಿಕೊಂಡು. “ಒಬ್ಬ ಮನಷ್ಯಾನ ಭಾರ ತಡಿಯಾಕ ಆಗದಷ್ಟು ಲಾರಿ ತಂದೇವೇನ?”

ಆಕೆ ಹಾಗೆಂದ ಮೇಲೆ ಉಳಿದದ್ದು ನನ್ನ ಕೆಲಸ. ನಡುವೆ ಕೂರಿಸಬೇಕೆಂದಿದ್ದ ಗಿರಣಿಯ ಡೀಸೆಲ್ ಇಂಜಿನ್ನನ್ನು ಬಲಕ್ಕೆ ಸರಿಸಿ, ಒಂದೊಂದೇ ಬೆರಳು ಅತ್ತಿತ್ತ ಮಾಡಿ ನೋಡಿದೆ. ಎಡಕ್ಕೆ ಅವನು, ಬಲಕ್ಕೆ ಇಂಜಿನ್ನು, ನಡುವೆ ಗಿರಣಿ. ರಸಮಟ್ಟದ ಗುಳ್ಳೆ ತೇಲಿ ತೇಲಿ ಬಂದು ನಟ್ಟನಡುವೆ ನಿಂತಿತು. ಬೋಲ್ಟು ಬಿಗಿದೆ. ಒಂದು ಸೇರು ಜೋಳ ಬೀಸಿ ನೋಡಿದರೆ ಹಿಟ್ಟು ಮಲ್ಲಿಗೆಯಂತೆ ಬಂತು. ಆ ಮೂಲೆಯ ಬೆಂಚಿಗೆ ಸಾಂವಕ್ಕ ಒಂದು ಗೋಣಿತಟ್ಟು ಮಡಿಸಿ ಹಾಸಿದಳು. ಯಾಕೆಂದು ನಾನು ಕೇಳಲಿಲ್ಲ.

ಹಟ್ಟಿಗೆ ಮೊದಲ ಸಲ ಹೊರಟ ದಿನ ದುರಗಪ್ಪನೂ ಬಂದ. ಲಾರಿಯಲ್ಲಿ ಕೂರಲಿಲ್ಲ, ಹಿಂದೆ ಹಿಂದೆ ನಡೆದೇ ಬಂದ. ಕಲ್ಲುದಾರಿಯಲ್ಲಿ ಲಾರಿಯ ನಾಲ್ಕೂ ಗಾಲಿ ಕಚ್ಚಿ ಕಚ್ಚಿ ಹತ್ತಿದವು. ಮೇಲೆ ಮುಟ್ಟಿದಾಗ ಹೆಂಗಸರು ಜೋಳದ ಬುಟ್ಟಿ ಇಟ್ಟುಕೊಂಡು ಸಾಲಾಗಿ ಕೂತಿದ್ದರು. ಇಷ್ಟು ವರ್ಷ ಹೊತ್ತು ಇಳಿಯುತ್ತಿದ್ದವರಿಗೆ ಗಿರಣಿಯೇ ಏರಿ ಬಂದದ್ದು ನಂಬಿಕೆ ಬರಲಿಲ್ಲ. ಒಬ್ಬಾಕೆ ಲಾರಿಯ ಗಾಲಿ ಮುಟ್ಟಿ ನೋಡಿದಳು.

ಗಿರಣಿ ಚಾಲೂ ಆಯಿತು. ಎಲ್ಲರಿಗಿಂತ ಮುಂದೆ ಇದ್ದವಳು ಹಾಲವ್ವ ಎಂಬ ಮುದುಕಿ. ನಾವು ಲಾರಿ ನಿಲ್ಲಿಸಿದ್ದು ಅವಳ ಅಂಗಳದ ಅಂಚಿನಲ್ಲೇ. ಅವಳು ತನ್ನ ಬುಟ್ಟಿಯನ್ನು ಆ ಮೂಲೆಯ ಬೆಂಚಿಗೆ ಇಡಲು ಹೋದಾಗ ಸಾಂವಕ್ಕ ತಡೆದಳು.

“ಅಲ್ಲಿ ಬ್ಯಾಡಬೇ. ಒಬ್ಬರು ಕುಂತಾರ.”

ಹಾಲವ್ವ ಖಾಲಿ ಬೆಂಚು ನೋಡಿದಳು, ಸಾಂವಕ್ಕನನ್ನು ನೋಡಿದಳು. ಹುಬ್ಬು ಕೂಡ ಏರಿಸಲಿಲ್ಲ.

“ಎಷ್ಟೊತ್ತಿಂದ ಕುಂತಾರ?”

“ಭಾಳ ದಿನಾ ಆತು.”

“ನೀರ ಕೊಟ್ಟೀರಿ?”

ನಾನು ಸಾಂವಕ್ಕನ ಮುಖ ನೋಡಿದೆ. ಸಾಂವಕ್ಕ ದುರಗಪ್ಪನ ಮುಖ ನೋಡಿದಳು. ಜವಾನರಿಗೆ ಮಜ್ಜಿಗೆ ಕೊಟ್ಟ ದಿನ ಇವನು ಇನ್ನೂ ಹತ್ತಿರಲಿಲ್ಲ. ಹತ್ತಿದ ಮೇಲೆ ಇವನ ಭಾರಕ್ಕೆ ಸರಿಯಾಗಿ ಇಂಜಿನ್ನು ಕೂರಿಸುವುದರಲ್ಲೇ ಇದ್ದೆವು. ಗೋಣಿತಟ್ಟು ಹಾಸಿದವಳಿಗೂ ಇದು ಹೊಳೆದಿರಲಿಲ್ಲ.

“ಎಂಥಾ ಮಂದೀನೋ ಏನೋ ನೀವು!” ಎಂದು ಬೈದ ಹಾಲವ್ವ ಅಂಗಳದಲ್ಲಿದ್ದ ಹಗ್ಗದ ಹೊರಸಿನ ಧೂಳು ಕೊಡವಿ, ಚರಿಗೆಯಲ್ಲಿ ನೀರು, ಮೇಲೊಂದು ತುಂಡು ಬೆಲ್ಲ ತಂದು ಹೊರಸಿನ ಪಕ್ಕ ಇಟ್ಟಳು. ಲಾರಿಯ ಕಡೆ ತಿರುಗಿ, ನೆಂಟರನ್ನು ಕರೆಯುವ ಹಾಗೆಯೇ ಕರೆದಳು. “ಬಾರೋ ಯಪ್ಪಾ. ಬೀಸೂತನಕ ಆ ಧೂಳದಾಗ ಕುಂತು ಏನ ಮಾಡತಿ? ಇಲ್ಲೆ ನೆಳ್ಳಿಗೆ ಬಾ.”

ಲಾರಿ ಬಲಕ್ಕೆ ವಾಲಿತು.

ನಾನು ಕೂಗುವುದರೊಳಗೆ ಬೆಲ್ಟು ಛಟ್ಟನೆ ಕಿತ್ತು ಹಾರಿತು. ಹಿಟ್ಟಿನ ಡಬ್ಬಿ ಮಗುಚಿ, ಬೆಳ್ಳಗಿನ ಮೋಡವೊಂದು ಎದ್ದು ಸಾಂವಕ್ಕ ಅದರೊಳಗೆ ಕಾಣದಾದಳು. ಹೆಂಗಸರು ಚೀರಿಕೊಂಡು ಬುಟ್ಟಿ ಹಿಡಿದು ಹಿಂದೆ ಸರಿದರು. ನಾನು ಹೇಗೋ ಹತ್ತಿ ಇಂಜಿನ್ನು ಬಂದ್ ಮಾಡಿದೆ. ರಸಮಟ್ಟ ಇಟ್ಟು ನೋಡಿದೆ, ಇಡುವ ಅಗತ್ಯ ಇರಲಿಲ್ಲ. ಎಡ ಮೂಲೆ ಎದ್ದು ನಿಂತಿತ್ತು. ಅಲ್ಲಾಡದ ಆ ಬೋಲ್ಟಿಗೆ ಪಾನಾ ಹಾಕಿದರೆ ಎರಡು ಬೆರಳಿಗೆ ತಿರುಗಿತು.

ಹಿಟ್ಟಿನ ಮೋಡದಿಂದ ಹೊರಬಂದ ಸಾಂವಕ್ಕನ ಮುಖದಲ್ಲಿ ಕಣ್ಣೆರಡೇ ಕಾಣುತ್ತಿದ್ದವು. “ಇಳದನೇನಣ್ಣ?”

“ಇಳದ.”

“ಒಂದ ಮಾತಿಗೆ ಇಳದನಲ್ಲೋ! ನಾ ಎಷ್ಟ ಒದರಿದೆ...”

“ನಿಮ್ಮ ಮನ್ಯಾಗ ಯಾರರ ಮಿಲಿಟರ್ಯಾಗ ಇದ್ದರೇನಬೇ?” ಎಂದು ಹಾಲವ್ವನನ್ನು ಕೇಳಿದೆ.

“ನಮ್ಮನ್ಯಾಗ ಯಾರೂ ಗುಡ್ಡಾ ಇಳದು ಹೋದವರ ಅಲ್ಲ. ಯಾಕ?”

“ಸುಮ್ಮನ ಕೇಳಿದೆ.”

“ಕೇಳೂದ ಬಿಟ್ಟು ಗಿರಣಿ ಹಚ್ಚು. ಹೊತ್ತು ನೆತ್ತಿಗೆ ಬಂತು.”

ಇಂಜಿನ್ನನ್ನು ಮತ್ತೆ ನಡುವಿಗೆ ತರಬೇಕಾಗಿತ್ತು. ನಾನು ಪಾನಾ ಹಿಡಿದು ಲಾರಿಯ ಅಡಿಗೆ ಹೊಕ್ಕು ಅಂಗಾತ ಮಲಗಿದೆ. ಅಲ್ಲಿಂದ ಅಂಗಳದ ಹೊರಸು ಕಾಣುತ್ತಿತ್ತು. ಅದರ ಒಂದು ತುದಿಯಲ್ಲಿ ಹಗ್ಗ ಜಗ್ಗಿತ್ತು, ಒಬ್ಬ ಆಳು ಕೂತಷ್ಟು. ಆಚೆ ತುದಿಯ ಕಾಲುಗಳು ನೆಲ ಬಿಟ್ಟು ಎದ್ದಿದ್ದವು.

ಅಂಗಳದ ಅಂಚಿನಲ್ಲಿ ನಿಂತೇ ಇದ್ದ ದುರಗಪ್ಪ ಚಪ್ಪಲಿ ಬಿಟ್ಟ. ನಿಧಾನವಾಗಿ ಹೋಗಿ ಹೊರಸಿನ ಆಚೆ ತುದಿಯಲ್ಲಿ ಕೂತ. ಎದ್ದಿದ್ದ ಕಾಲುಗಳು ನೆಲ ಮುಟ್ಟಿದವು. ಹೊರಸು ಮಟ್ಟವಾಯಿತು.

ಹಾಲವ್ವ ಒಳಗೆ ಹೋಗಿ ಇನ್ನೊಂದು ಚರಿಗೆ ನೀರು ತಂದಳು.